ಇನ್ನೊಬ್ಬರಿಗೆ ಬೇಕಾದ ಮಾತು

ಆನ್‌ಲೈನ್ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ ಎಂಬ ದೂರು ಅಧ್ಯಾಪಕರ ಕೊಠಡಿಯಲ್ಲಿ ಇಂದಿಗೂ ಕೇಳಿಬರುತ್ತದೆ. ಕೊರೊನಾ ಕಾಲ ಕಳೆದು ಶಾಲೆಗಳು ಮೊದಲಿನಂತೆ ನಡೆಯುತ್ತಿದ್ದರೂ ಮೊಬೈಲು ಪಾಠದೊಳಗೆ ಬಂದದ್ದು ಬಂದೇಬಿಟ್ಟಿದೆ. ಜೂನ್, ಜುಲೈಯಲ್ಲಿ ಮಳೆ ಬಿರುಸಾಗಿ ಜಿಲ್ಲಾಧಿಕಾರಿಗಳು ರಜೆ ಸಾರಿದ ದಿನ ಪಾಠ ಮೊಬೈಲಿಗೆ ಹೋಗುತ್ತದೆ. ಮನೆಗೆಲಸ, ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ, ವೀಡಿಯೊ ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದು ಬೀಳುತ್ತವೆ. ಅರ್ಧ ಶಾಲೆಯಲ್ಲಿ, ಅರ್ಧ ಮನೆಯಲ್ಲಿ ನಡೆಯುವ ಈ ಮಿಶ್ರ ಕಲಿಕೆ ನಮ್ಮ ಮಕ್ಕಳ ನಿತ್ಯದ ಬದುಕಾಗಿರುವಾಗ, ಅವರು ಅಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಕೂತು ಯೋಚಿಸಬೇಕಾದ ಹೊಣೆ ನಮ್ಮದು.

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನನಗೆ ಕಂಡಿರುವ ಕಾರಣ ಇಷ್ಟೇ: ಆ ಗುಂಪಿನಲ್ಲಿ ಮಗುವಿನ ಮಾತು ಯಾರಿಗೂ ಬೇಕಾಗಿಲ್ಲ. ಅಧ್ಯಾಪಕಿ ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತಾಳೆ. ಒಬ್ಬ ಹುಡುಗಿ ಸರಿಯಾದ ಉತ್ತರ ಹಾಕಿದ ಮೇಲೆ ಉಳಿದವರಿಗೆ ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಪಾಠದ ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿದರೆ ‘ಆಯಿತು ಟೀಚರ್’ ಎಂಬ ಉತ್ತರ, ಅದರ ಬೆನ್ನಿಗೇ ಹೆಬ್ಬೆರಳಿನ ಚಿತ್ರಗಳ ಸಾಲು. ಅರ್ಥವಾಗದ ಮಗು ಅಷ್ಟು ಹೆಬ್ಬೆರಳುಗಳ ನಡುವೆ ‘ನನಗೆ ಆಗಲಿಲ್ಲ’ ಎಂದು ಹೇಗೆ ಬರೆದೀತು?

ಇದರ ಬೇರು ಸ್ವಲ್ಪ ಹಿಂದಿದೆ. 2020ರ ಜೂನ್ 1ರಂದು ಕೇರಳದಲ್ಲಿ ಟಿ.ವಿ. ಮೂಲಕ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನ ಶೈಕ್ಷಣಿಕ ಟಿ.ವಿ. ವಾಹಿನಿ ವಿಕ್ಟರ್ಸ್ 2005ರಿಂದಲೇ ಇದ್ದುದರಿಂದ ಶಾಲೆ ಮುಚ್ಚಿದ ಹೊತ್ತಿಗೆ ರಾಜ್ಯದ ಕೈಯಲ್ಲಿ ಒಂದು ವ್ಯವಸ್ಥೆ ಸಿದ್ಧವಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ತಯಾರಾಗಿ ಯೂಟ್ಯೂಬಿನಲ್ಲಿ ಬಂದವು. ತಮ್ಮ ಊರಿನ ಉಚ್ಚಾರದಲ್ಲಿ, ತಮ್ಮ ಪಠ್ಯಪುಸ್ತಕದ ಪಾಠವನ್ನು ಮಕ್ಕಳು ಮನೆಯಲ್ಲಿ ಕೂತು ನೋಡಿದರು. ಅದು ಸಣ್ಣ ಕೆಲಸವೇನಲ್ಲ; ಭಾಷಾ ಅಲ್ಪಸಂಖ್ಯಾತರ ಮಕ್ಕಳು ಇಂತಹ ಹೊತ್ತಿನಲ್ಲಿ ಮರೆತುಹೋಗುವುದು ಸುಲಭ. ಆದರೆ ಟಿ.ವಿ.ಗಾಗಲಿ ಯೂಟ್ಯೂಬಿಗಾಗಲಿ ಬೆರಳೆತ್ತಿ ಪ್ರಶ್ನೆ ಕೇಳಲಾಗುವುದಿಲ್ಲ. ಪಾಠ ನೋಡು, ನೋಟ್‌ಬುಕ್ಕಿನಲ್ಲಿ ಬರೆ, ಫೋಟೊ ತೆಗೆದು ಗುಂಪಿಗೆ ಹಾಕು, ಟೀಚರ್ ಸರಿ ಗುರುತು ಹಾಕುತ್ತಾರೆ. ಇದು ರೂಢಿಯಾಯಿತು. 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದಾಗ ಮಕ್ಕಳು ಬೆಂಚಿಗೆ ಬಂದರು, ಮೊಬೈಲಿನ ರೂಢಿ ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ಬಹುತೇಕ ಗುಂಪುಗಳಲ್ಲಿ ನಡೆಯುವುದು ಮಗುವಿಗೂ ಅಧ್ಯಾಪಕರಿಗೂ ನಡುವಿನ ಲೇವಾದೇವಿ. ಮಗುವಿಗೂ ಮಗುವಿಗೂ ನಡುವೆ ಏನೂ ಓಡಾಡುವುದಿಲ್ಲ.

ಗಡಿಯಿಂದ ದೂರ ಇರುವವರಿಗೆ ನಮ್ಮ ತರಗತಿಯ ಇನ್ನೊಂದು ಸಂಗತಿಯನ್ನು ಹೇಳಬೇಕು. ಕನ್ನಡ ಮಾಧ್ಯಮ ಎಂದ ಮಾತ್ರಕ್ಕೆ ಇಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲ. ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮನೆಗಳ ಮಕ್ಕಳು ಒಂದೇ ತರಗತಿಯಲ್ಲಿರುತ್ತಾರೆ. ಉಪ್ಪಳದ ಕಡೆಯವರಾದರೆ ಉರ್ದು ಮಾತಾಡುವವರೂ ಸಿಗುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಷ್ಟು ವರ್ಷಗಳ ಮೇಲೂ ಇಲ್ಲಿ ಕನ್ನಡ ಶಾಲೆಗಳ ಬಾಗಿಲು ತೆರೆದಿರುವುದಕ್ಕೆ ಈ ಎಲ್ಲ ಮನೆಮಾತುಗಳವರೂ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಿರುವುದು ಕಾರಣ. ಅದಕ್ಕಾಗಿ ನನಗೆ ಅವರ ಮೇಲೆ ತುಂಬ ಗೌರವವಿದೆ.

ಮನೆಮಾತು ಬೇರೆಯಿರುವ ಇಂತಹ ಮಗುವಿಗೆ ತರಗತಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ತಪ್ಪಿದರೂ ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಬರೆದದ್ದು ಉಳಿಯುತ್ತದೆ. ಲಕಾರ ಳಕಾರ ಅದಲುಬದಲಾದದ್ದು, ಮಹಾಪ್ರಾಣ ಬಿಟ್ಟುಹೋದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಸಹಪಾಠಿಗಳ ಅಮ್ಮಂದಿರೂ ಅದನ್ನು ಓದುತ್ತಾರೆ, ಯಾಕೆಂದರೆ ಫೋನು ಅವರದೇ. ಮಾತಾಡದೆ ಕೂರುವುದೇ ಕ್ಷೇಮ ಎಂದು ಹದಿನಾಲ್ಕು ವರ್ಷದ ಹುಡುಗ ನಿಶ್ಚಯಿಸಿದರೆ ಅವನದು ಸರಿಯಾದ ಲೆಕ್ಕಾಚಾರವೇ. ಆ ಲೆಕ್ಕಾಚಾರ ಬದಲಾಗುವಂತೆ ನಾವು ಪಾಠವನ್ನು ಕಟ್ಟಬೇಕು.

ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ಒಂದು ಸರಳ ವಿಷಯವನ್ನು ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ. ಎದುರಾಬದುರು ಕೂತ ತರಗತಿಯ ಮಾತು ಇದು. ಗೂಗಲ್ ಮೀಟಿನಲ್ಲಾದರೆ ಮಗು ಮ್ಯೂಟ್ ತೆಗೆಯಬೇಕು, ಹಿತ್ತಲಲ್ಲಿ ಕೂಗುವ ಕೋಳಿಯನ್ನು ಓಡಿಸಬೇಕು, ರೇಂಜ್ ಹೋಗಿ ಬರುವುದನ್ನು ಕಾಯಬೇಕು. ಅಷ್ಟರೊಳಗೆ ಟೀಚರ್ ‘ಯಾರೂ ಇಲ್ಲವೇ? ಸರಿ, ನಾನೇ ಹೇಳುತ್ತೇನೆ’ ಎಂದುಬಿಟ್ಟಿರುತ್ತಾರೆ. ಗುಂಪಿನಲ್ಲಿ ಹಾಕಿದ ಪ್ರಶ್ನೆಗಾದರೆ ಸೆಕೆಂಡುಗಳ ಲೆಕ್ಕವೇ ಸಲ್ಲದು. ಅಪ್ಪನ ಕೈಯಲ್ಲಿರುವ ಫೋನು ಮನೆಗೆ ಬರುವುದೇ ರಾತ್ರಿ ಎಂಟಕ್ಕೆ. ಪ್ರಶ್ನೆ ಹಾಕಿದ ಮೇಲೆ ಎರಡು ರಾತ್ರಿ ಕಳೆಯುವ ತನಕ ನಾನು ಬಾಯಿ ಹಾಕುವುದಿಲ್ಲ.

ಇದಕ್ಕಿಂತಲೂ ನನಗೆ ಹೆಚ್ಚು ದಾರಿ ತೋರಿಸಿದ್ದು ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಮಾಡಿದ ಕೆಲಸ. ಅಲ್ಲಿ ಬಿಳಿಯರ, ಕರಿಯರ, ಸ್ಪ್ಯಾನಿಷ್ ಮನೆಮಾತಿನವರ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬರತೊಡಗಿದ್ದರು. ತರಗತಿಯಲ್ಲಿ ಹೊಡೆದಾಟ, ಹಂಗಿಸುವಿಕೆ. ಆರನ್ಸನ್ ಮತ್ತು ಅವರ ಶಿಷ್ಯರು ಮಕ್ಕಳನ್ನು ಸಣ್ಣ ತಂಡಗಳಾಗಿ ಮಾಡಿ, ಪಾಠವನ್ನು ತುಂಡು ಮಾಡಿ, ತಂಡದ ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಮಾತ್ರ ಕೊಟ್ಟರು. ಉಳಿದ ತುಂಡುಗಳನ್ನು ತಿಳಿಯಬೇಕಾದರೆ ಜೊತೆಗಾರರ ಬಾಯಿಂದ ಕೇಳದೆ ಬೇರೆ ದಾರಿಯಿಲ್ಲ. ಒಂದೇ ತುಂಡು ಸಿಕ್ಕಿದ ಬೇರೆ ಬೇರೆ ತಂಡಗಳ ಮಕ್ಕಳು ಮೊದಲು ಒಟ್ಟು ಸೇರಿ ಅದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ, ಆಮೇಲೆ ತಂತಮ್ಮ ತಂಡಕ್ಕೆ ಮರಳಿ ಕಲಿಸುತ್ತಾರೆ. ಜಿಗ್‌ಸಾ ಎಂದು ಅದಕ್ಕೆ ಹೆಸರು. ಇಂಗ್ಲಿಷ್ ತಡವರಿಸುತ್ತಿದ್ದ ಒಬ್ಬ ಹುಡುಗನನ್ನು ಮೊದಲು ಉಳಿದವರು ಹೀಯಾಳಿಸಿದರಂತೆ. ಪರೀಕ್ಷೆಗೆ ಬೇಕಾದ ತುಂಡು ಅವನ ಹತ್ತಿರವೇ ಇದೆ ಎಂದು ಅರಿವಾದ ಮೇಲೆ ಅವರೇ ಅವನಿಗೆ ತಾಳ್ಮೆಯಿಂದ ಪ್ರಶ್ನೆ ಕೇಳಿ ಕೇಳಿ ಉತ್ತರ ಹೊರಡಿಸುವುದನ್ನು ಕಲಿತರು ಎಂದು ಆರನ್ಸನ್ ಬರೆದಿದ್ದಾರೆ. ಇದನ್ನು ಓದುವಾಗ ನನಗೆ ಆಸ್ಟಿನ್ ಕಾಣಲಿಲ್ಲ, ನನ್ನ ತರಗತಿಯೇ ಕಂಡಿತು.

ಹಾಗಾಗಿ ಜಲಸಂಪನ್ಮೂಲದ ಪಾಠ ಬಂದಾಗ ಅದನ್ನು ನಾಲ್ಕು ತುಂಡು ಮಾಡಿದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯವು. ಆದರೂ ಏಪ್ರಿಲ್ ಬಂತೆಂದರೆ ಹಲವು ಮನೆಗಳಲ್ಲಿ ಕುಡಿಯುವ ನೀರಿಗೆ ಪರದಾಟ. ಯಾಕೆ ಹೀಗೆ? ಪಠ್ಯಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರವಿಲ್ಲ, ಗೈಡಿನಲ್ಲಿಯೂ ಇಲ್ಲ. ಅದೇ ಈ ಪ್ರಶ್ನೆಯ ಬಲ. ಪ್ರತಿ ತಂಡದಲ್ಲಿ ನಾಲ್ವರು. ಒಬ್ಬರಿಗೆ ಸುರಂಗ, ಒಬ್ಬರಿಗೆ ಬಾವಿ ಮತ್ತು ಕೊಳವೆಬಾವಿ, ಒಬ್ಬರಿಗೆ ಮದಕ (ಮಳೆನೀರು ನಿಲ್ಲುವ ಕೆರೆ), ತೋಡು (ಹಳ್ಳ) ಮತ್ತು ಕಟ್ಟ (ತೋಡಿಗೆ ಅಡ್ಡ ಕಟ್ಟುವ ಒಡ್ಡು), ಇನ್ನೊಬ್ಬರಿಗೆ ನಳ್ಳಿ ಹಾಗೂ ಟ್ಯಾಂಕರಿನ ನೀರು. ಅವರವರ ಮನೆಯಲ್ಲಿ, ನೆರೆಯಲ್ಲಿ ಏನಿದೆಯೋ ಅದನ್ನು ನೋಡಿ ತುಂಡು ಹಂಚಿದ್ದು. ಪೇಟೆಯ ಬಾಡಿಗೆ ಮನೆಯಲ್ಲಿರುವ ಹುಡುಗಿಗೂ ಹೇಳಲು ಏನಾದರೂ ಇರಬೇಕು. ನಳ್ಳಿಯ ಬಿಲ್ಲು, ಟ್ಯಾಂಕರ್ ಬರುವ ತಿಂಗಳು, ಒಂದು ದಿನಕ್ಕೆ ಮನೆಗೆ ಬೇಕಾಗುವ ಕೊಡಗಳ ಲೆಕ್ಕ ಅವಳ ಪಾಲಿಗೆ ಬಂತು.

ಸುರಂಗವೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಎರಡು ಮಾತು. ಕೆಂಪುಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ ಬಿಟ್ಟು ಕೊರೆದುಕೊಂಡು ಹೋಗುತ್ತಾರೆ. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹಿಂದೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅದನ್ನು ಅಂಗಳಕ್ಕೆ ಇಳಿಸುತ್ತಿದ್ದರು. ಬಾಯಾರು, ಪಡ್ರೆ, ಪೆರ್ಲದ ಆಸುಪಾಸಿನ ಗುಡ್ಡಗಳಲ್ಲಿ, ಗಡಿಯ ಆಚೆ ಕರ್ನಾಟಕದ ವಿಟ್ಲದ ಕಡೆಯಲ್ಲಿ ಇವು ಈಗಲೂ ನೀರು ಕೊಡುತ್ತಿವೆ.

ಸುರಂಗದ ತುಂಡು ಸಿಕ್ಕಿದವರಲ್ಲಿ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಎದ್ದು ನಿಂತರೆ ಕಾಲ ಬೆರಳು ನೋಡುವವನು, ಗುಂಪಿನಲ್ಲಿ ಒಂದಕ್ಷರ ಬರೆದವನಲ್ಲ. ಅವನ ಅಜ್ಜ ಸುರಂಗ ಕೊರೆಯುತ್ತಿದ್ದವರು ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಒಂದು ರಾತ್ರಿ ಅವನಿಂದ ಧ್ವನಿಸಂದೇಶ ಬಂತು. ಅದರಲ್ಲಿದ್ದುದು ಅಜ್ಜನ ತುಳು ಮಾತು: ಕೋಲಿನ ಲೆಕ್ಕದಲ್ಲಿ ಉದ್ದ ಅಳೆಯುವುದು, ಮಣ್ಣನ್ನು ಬುಟ್ಟಿಯಲ್ಲಿ ಹೊರತರುವುದು, ಒಳಗೆ ಹೋಗುವಾಗ ಕ್ಯಾಂಡಲ್ ಹೊತ್ತಿಸಿಕೊಂಡು ಹೋಗುವುದು. ಮಲಯಾಳಂ ಮನೆಮಾತಿನ ಒಬ್ಬಳು ತನಗೆ ಪೂರ್ತಿ ಅರ್ಥವಾಗಲಿಲ್ಲ ಎಂದು ಬರೆದಳು. ಬ್ಯಾರಿ ಮಾತಾಡುವ ಇನ್ನೊಬ್ಬಳು ಅದನ್ನು ಕನ್ನಡದಲ್ಲಿ ಹೇಳಿ ಕಳುಹಿಸಿದಳು. ‘ಕ್ಯಾಂಡಲ್ ಬೆಳಕಿಗಾಗಿ ಮಾತ್ರವೇ? ಟಾರ್ಚ್ ಸಾಲದೇ?’ ಎಂದು ಮತ್ತೊಬ್ಬನ ಪ್ರಶ್ನೆ. ಹುಡುಗ ಮತ್ತೆ ಅಜ್ಜನ ಬಳಿಗೆ ಹೋದ. ಉರಿ ನಂದಿದರೆ ಒಳಗೆ ಉಸಿರಾಡುವ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು ಎಂಬ ಉತ್ತರ ಬಂತು. ವಿಜ್ಞಾನದ ಪಾಠದಲ್ಲಿ ಆಮ್ಲಜನಕವನ್ನು ಓದಿದ್ದವರಿಗೆ ಅದು ಈಗ ಬೇರೆಯೇ ರೀತಿಯಲ್ಲಿ ಮನಸ್ಸಿಗೆ ತಾಗಿರಬೇಕು.

ನೀರು ಅಳೆಯುವ ಕೆಲಸವನ್ನು ಅವರೇ ಹೂಡಿಕೊಂಡರು. ಸುರಂಗದ ಒಳಗೆ ಯಾರೂ ಕಾಲಿಡಬಾರದು, ಬಾಯಿಯ ಹೊರಗೆ ನಿಂತು ಮಾತ್ರ ಅಳೆಯಬೇಕು, ಮನೆಯ ದೊಡ್ಡವರು ಜೊತೆಗಿರಬೇಕು ಎಂದು ಪಾಲಕರಿಗೆಲ್ಲ ತಿಳಿಸಿದ್ದೆ. ಬಕೆಟ್ ಇಟ್ಟು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರಾಯಿತು. ಒಬ್ಬನ ಮನೆಯಲ್ಲಿ 10 ಲೀಟರಿನ ಬಕೆಟ್ 40 ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ 15 ಲೀಟರ್, ಗಂಟೆಗೆ 900, ದಿನಕ್ಕೆ 21,600 ಲೀಟರ್. ಇನ್ನೊಬ್ಬಳ ಮನೆಯಲ್ಲಿ ಅದೇ ಅಳತೆಯ ಬಕೆಟಿಗೆ ಎರಡು ನಿಮಿಷ ಹಿಡಿಯಿತು, ಅಂದರೆ ದಿನಕ್ಕೆ 7,200 ಲೀಟರ್. ‘ನಿನ್ನದು ತಪ್ಪು, ನಿನ್ನ ಬಕೆಟ್ ದೊಡ್ಡದಿರಬೇಕು’ ಎಂಬಲ್ಲಿಗೆ ಜಗಳ ಶುರುವಾಯಿತು. ಬಕೆಟಿನ ಫೋಟೊಗಳು ಬಂದವು. ಬಕೆಟ್ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ? ಸುರಂಗ ಎಷ್ಟು ಕೋಲು ಉದ್ದ, ಯಾವಾಗ ಕೊರೆದದ್ದು, ಅಳೆದದ್ದು ಮಳೆ ಬಂದ ಮರುದಿನವೋ ಬಿಸಿಲಿನಲ್ಲೋ ಎಂದೆಲ್ಲ ಕೇಳಿದರು. ಆ ಚರ್ಚೆಯನ್ನು ಹೊರಗಿನಿಂದ ಓದುತ್ತಿದ್ದ ನಳ್ಳಿ ನೀರಿನ ಹುಡುಗಿ ಕೊನೆಗೆ ಒಂದು ಸಾಲು ಬರೆದಳು: ‘ಸುರಂಗದ ಮೇಲಿನ ಗುಡ್ಡದಲ್ಲಿ ಏನಿದೆ?’ ಒಂದರ ಮೇಲೆ ಕಾಡು ಉಳಿದಿತ್ತು, ಇನ್ನೊಂದರ ಮಗ್ಗುಲಲ್ಲಿ ಕೆಂಪುಕಲ್ಲಿನ ಕೋರೆ ಬಂದಿತ್ತು. ಅದೊಂದೇ ಕಾರಣವೆಂದು ಎರಡು ಮನೆಗಳ ಅಳತೆಯಿಂದ ಹೇಳಲಾಗದು ಎಂಬ ಮಾತನ್ನೂ ಆ ಮಕ್ಕಳೇ ತರಗತಿಯಲ್ಲಿ ಆಡಿದರು. ಹತ್ತು ಪುಟ ನೋಟ್ಸ್ ಕೊಟ್ಟಿದ್ದರೂ ಅವರನ್ನು ಅಲ್ಲಿಗೆ ತಲುಪಿಸಲು ನನ್ನಿಂದ ಆಗುತ್ತಿರಲಿಲ್ಲ.

ಮನೆಮಾತಿನ ಧ್ವನಿಸಂದೇಶಕ್ಕೆ ಅವಕಾಶ ಕೊಟ್ಟರೆ ಕನ್ನಡ ಹಿಂದೆ ಬೀಳುತ್ತದೆ ಎಂದು ಕೆಲವು ಹಿರಿಯ ಸಹೋದ್ಯೋಗಿಗಳು ಆತಂಕಪಟ್ಟಿದ್ದರು. ಗಡಿನಾಡಿನಲ್ಲಿ ಕನ್ನಡಕ್ಕಾಗಿ ಹೋರಾಡಿದ ತಲೆಮಾರಿನ ಆತಂಕ ಅದು, ಹಗುರವಾಗಿ ಕಾಣುವಂತಹದ್ದಲ್ಲ. ನನ್ನ ಅನುಭವ ಬೇರೆ. ಅಜ್ಜನ ತುಳುವನ್ನು, ಅಮ್ಮನ ಮಲಯಾಳವನ್ನು ನಾಲ್ವರು ಕೂತು ಕನ್ನಡದ ಒಂದು ಪುಟವಾಗಿ ಬರೆಯುವಾಗ ಪದಕ್ಕೆ ಪದ ಹುಡುಕುತ್ತಾರೆ, ವಾಕ್ಯವನ್ನು ಹೊಸೆದು ಹೊಸೆದು ತಿದ್ದುತ್ತಾರೆ. ಗೈಡಿನಿಂದ ನಕಲು ಮಾಡುವ ಕನ್ನಡದಲ್ಲಿ ಆ ತಿದ್ದುವಿಕೆಯೇ ಇರುವುದಿಲ್ಲ. ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳಲು ಕನ್ನಡ ಬೇಕೇ ಬೇಕು ಎಂಬ ಸಂದರ್ಭ ಒದಗಿದಾಗ ಮಕ್ಕಳು ಅದನ್ನು ಮನಸಾರೆ ಎತ್ತಿಕೊಳ್ಳುತ್ತಾರೆ.

ಗುಂಪು ಕೆಲಸದ ಕಷ್ಟಗಳು ಇಲ್ಲವೆಂದಲ್ಲ. ಒಬ್ಬಳು ದುಡಿಯುತ್ತಾಳೆ, ಮೂವರು ಹೆಸರು ಬರೆಸಿಕೊಳ್ಳುತ್ತಾರೆ. ‘ನನ್ನ ಮಗಳೇ ಎಲ್ಲ ಮಾಡಬೇಕು, ಅಂಕ ಮಾತ್ರ ಎಲ್ಲರಿಗೂ ಸಮವೇ ಟೀಚರ್?’ ಎಂದು ಕೇಳುವ ತಾಯಂದಿರ ಮಾತಿನಲ್ಲಿ ನ್ಯಾಯವಿದೆ. ರಿಂಗಲ್‌ಮನ್ ಎಂಬ ಫ್ರೆಂಚ್ ಎಂಜಿನಿಯರರು ಹಗ್ಗ ಎಳೆಸಿ ನೋಡಿದ ಪ್ರಯೋಗ 1913ರಲ್ಲಿ ಪ್ರಕಟವಾಯಿತು. ಹಗ್ಗ ಹಿಡಿಯುವವರು ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕುಗ್ಗುತ್ತಾ ಹೋಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ಪ್ರತಿಯೊಬ್ಬರ ಪಾಲು ಬೇರೆಯಾಗಿ ಕಾಣುವಂತಿದ್ದರೆ ಈ ಸಡಿಲಿಕೆ ಕಡಿಮೆಯಾಗುತ್ತದೆ ಎಂಬುದು ಮುಂದಿನ ಸಂಶೋಧಕರ ಪ್ರಯೋಗಗಳಲ್ಲಿ ತಿಳಿದುಬಂತು. ಆದ್ದರಿಂದ ನಾಲ್ವರಿಗಿಂತ ದೊಡ್ಡ ತಂಡ ನಾನು ಮಾಡುವುದಿಲ್ಲ. ತಂಡದ ಪುಟಕ್ಕೆ ಸ್ವಲ್ಪ ಅಂಕ, ಉಳಿದದ್ದು ಒಬ್ಬೊಬ್ಬರಿಗೇ. ಅದೂ ಸ್ವಂತ ತುಂಡಿನ ಮೇಲಲ್ಲ: ಸುರಂಗದವನನ್ನು ಟ್ಯಾಂಕರಿನ ಬಗ್ಗೆ ಕೇಳುತ್ತೇನೆ, ಟ್ಯಾಂಕರಿನವಳನ್ನು ಕಟ್ಟದ ಬಗ್ಗೆ. ಆಗ ಜೊತೆಗಾರನಿಗೆ ಸರಿಯಾಗಿ ಕಲಿಸುವುದೂ ಅವನಿಂದ ಸರಿಯಾಗಿ ಕೇಳಿಸಿಕೊಳ್ಳುವುದೂ ಇಬ್ಬರಿಗೂ ಅಗತ್ಯವಾಗುತ್ತದೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಯ ಐದನೆಯ ಒಂದು ಪಾಲು ಅಂಕ ನಿರಂತರ ಮೌಲ್ಯಮಾಪನಕ್ಕಿದೆ. ಹೆಚ್ಚಿನ ಕಡೆ ಅದು ನೋಟ್‌ಬುಕ್ಕಿನ ಅಂದಕ್ಕೆ ಹೋಗುತ್ತದೆ. ಅದನ್ನು ಇಂತಹ ಕೆಲಸಕ್ಕೆ ಕೊಡಲು ಯಾವ ಅಡ್ಡಿಯೂ ಇಲ್ಲ.

ಎಷ್ಟು ಸಂದೇಶ ಹಾಕಿದ್ದಾನೆ ಎಂದು ಎಣಿಸಿ ಭಾಗವಹಿಸುವಿಕೆಯನ್ನು ಅಳೆಯುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಎಲ್ಲವನ್ನೂ ಓದಿ ಒಂದೇ ಒಂದು ಪ್ರಶ್ನೆ ಹಾಕಿದ ಆ ಹುಡುಗಿ ಚರ್ಚೆಯ ದಿಕ್ಕನ್ನೇ ತಿರುಗಿಸಿದಳು. ಕ್ಯಾಮೆರಾ ಹಾಕಲೇಬೇಕು ಎಂಬ ಹಟವೂ ಬೇಡ. ಒಂದೇ ಕೋಣೆಯಲ್ಲಿ ಅಡುಗೆ, ಅಣ್ಣನ ನಿದ್ದೆ, ತಂಗಿಯ ಪಾಠ ನಡೆಯುವ ಮನೆಗಳಿಂದ ನಮ್ಮ ಮಕ್ಕಳು ಬರುತ್ತಾರೆ. ತಮ್ಮ ಗೋಡೆಯನ್ನು ತೋರಿಸುವುದೋ ಬಿಡುವುದೋ ಅವರ ಇಷ್ಟ. ಫೋನಿಲ್ಲದ ಮಗುವನ್ನು ನೆರೆಮನೆಯ ಸಹಪಾಠಿಯ ತಂಡಕ್ಕೇ ಹಾಕಿದರೆ ಇಬ್ಬರಿಗೂ ಒಂದು ಫೋನು ಸಾಕು. ರೇಂಜ್‌ಗಾಗಿ ಗುಡ್ಡ ಹತ್ತಬೇಕಾದ ಮಗುವಿಗೆ ನೇರಪ್ರಸಾರದ ತರಗತಿಗಿಂತ ಒಂದು ನಿಮಿಷದ ಧ್ವನಿಸಂದೇಶ ಎಷ್ಟೋ ಮೇಲು. ಡೇಟಾ ಕಡಿಮೆ ಸಾಕು, ಮತ್ತೆ ಮತ್ತೆ ಕೇಳಲೂಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಿಶ್ರ ಕಲಿಕೆಯಲ್ಲಿ ಯಾವುದನ್ನು ಶಾಲೆಯಲ್ಲಿ, ಯಾವುದನ್ನು ಮೊಬೈಲಿನಲ್ಲಿ ಮಾಡಬೇಕು ಎಂಬುದನ್ನು ನಾವು ಬಹುಮಟ್ಟಿಗೆ ತಿರುವುಮುರುವು ಮಾಡಿಕೊಂಡಿದ್ದೇವೆ. ಮಕ್ಕಳೆಲ್ಲ ಎದುರಿಗೆ ಕೂತಿರುವ ನಲವತ್ತು ನಿಮಿಷವನ್ನು ವಿವರಣೆಗೆ ಕೊಟ್ಟು, ‘ಉಳಿದದ್ದನ್ನು ಗುಂಪಿನಲ್ಲಿ ಚರ್ಚಿಸಿ’ ಎನ್ನುತ್ತೇವೆ. ವಿವರಣೆಗೆ ವೀಡಿಯೊ ಸಾಕು. ಫಸ್ಟ್ ಬೆಲ್ ಪಾಠಗಳು ಅದಕ್ಕೆ ಇವತ್ತಿಗೂ ಒದಗುತ್ತವೆ. ಹುಡುಕುವುದು, ಅಳೆಯುವುದು, ಅಜ್ಜಿಯನ್ನು ಕೇಳುವುದು, ಮೊದಲ ಕರಡು ಬರೆಯುವುದು ಮನೆಯಿಂದ ಆಗುವ ಕೆಲಸಗಳು. ವಾದ, ತಕರಾರು, ಒಪ್ಪಿಸುವುದು, ಒಪ್ಪಿಕೊಳ್ಳುವುದು, ಇವಕ್ಕೆ ಮುಖ ಕಾಣಬೇಕು. ಆ ನಲವತ್ತು ನಿಮಿಷ ಅದಕ್ಕೆ ಸಲ್ಲಬೇಕು.

ಅಧ್ಯಾಪಕರಿಗೆ ಇಲ್ಲಿ ಏನು ಕೆಲಸ ಎಂದು ಕೇಳಬಹುದು. ನಮ್ಮ ತಾಳಮದ್ದಳೆಯ ಭಾಗವತರನ್ನು ನೋಡಿದವರಿಗೆ ಉತ್ತರ ಸಿಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ನೆಲ ನಮ್ಮದು. ಇಲ್ಲಿನ ಮಕ್ಕಳು ಚೆಂಡೆಯ ಸದ್ದು ಕೇಳದೆ ಬೆಳೆಯುವುದಿಲ್ಲ. ಯಕ್ಷಗಾನದ್ದೇ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ, ಅಲ್ಲಿಂದ ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ಮಾತು. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭ ತೆಗೆದುಕೊಳ್ಳಿ. ವಾಲಿಯ ಪ್ರಶ್ನೆ ಗಟ್ಟಿಯಾಗಿದ್ದರೆ ಮಾತ್ರ ರಾಮನಿಗೆ ಒಳ್ಳೆಯ ಉತ್ತರ ಹೊಳೆಯುತ್ತದೆ. ಎದುರಿನವರಿಗೆ ಮಾತಿನ ಎಡೆ ಬಿಟ್ಟುಕೊಡದ ಅರ್ಥಧಾರಿ ಎಷ್ಟು ದೊಡ್ಡ ಪಂಡಿತನಾದರೂ ಕೂಟ ಕಳೆಗುಂದುತ್ತದೆ. ಇಷ್ಟೆಲ್ಲ ನಡೆಯುವಾಗ ಭಾಗವತರು ಅರ್ಥ ಹೇಳುವುದಿಲ್ಲ. ಎಲ್ಲಿ ಪದ ಶುರುಮಾಡಬೇಕು, ಎಷ್ಟು ಹೊತ್ತು ಬಿಡಬೇಕು, ಮಾತು ದಾರಿ ತಪ್ಪಿದಾಗ ಮುಂದಿನ ಪದ ಎತ್ತಿ ಹೇಗೆ ಪ್ರಸಂಗಕ್ಕೆ ಮರಳಿಸಬೇಕು ಎಂಬುದು ಅವರ ಕೈಯಲ್ಲಿದೆ. ಕೆನಡಾದ ಗ್ಯಾರಿಸನ್ ಮತ್ತು ಸಂಗಡಿಗರು 2000ದಲ್ಲಿ ಆನ್‌ಲೈನ್ ಕಲಿಕೆಯ ಬಗ್ಗೆ ಬರೆಯುತ್ತಾ, ಕಲಿಯುವವರು ಪರಸ್ಪರ ಮನುಷ್ಯರಾಗಿ ಕಾಣಿಸಿಕೊಳ್ಳುವುದು, ವಿಚಾರ ಮುಂದುವರಿಯುವುದು, ಕಲಿಸುವವರು ಅದನ್ನು ರೂಪಿಸಿ ನಡೆಸುವುದು, ಈ ಮೂರೂ ಕೂಡಿದರೆ ಮಾತ್ರ ಕಲಿಕೆ ಆಳಕ್ಕಿಳಿಯುತ್ತದೆ ಎಂದಿದ್ದಾರೆ. ಮೂರನೆಯದು ಭಾಗವತಿಕೆಯೇ. ಗುಂಪಿನಲ್ಲಿ ಟೀಚರ್ ಮೊದಲ ಉತ್ತರ ಹಾಕಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಪೂರ್ತಿ ಕಾಣೆಯಾದರೆ ಮಾತು ಹುಟ್ಟುವುದೇ ಇಲ್ಲ. ವಾರದ ಕೊನೆಗೆ ಅವರ ಮಾತುಗಳನ್ನೇ ಹೆಕ್ಕಿ, ‘ನೀನು ಹೀಗೆ ಹೇಳಿದ್ದೀಯಾ, ಅವಳು ಹಾಗೆ ಹೇಳಿದ್ದಾಳೆ, ಈಗ ಏನು ಹೇಳುತ್ತೀಯಾ?’ ಎಂದು ಕೇಳುವುದು ನನ್ನ ಪದ.

ಬರೆದದ್ದನ್ನು ಟೀಚರ್ ಒಬ್ಬರೇ ಓದುತ್ತಾರೆ ಎಂದಾದರೆ ಮಕ್ಕಳು ಟೀಚರಿಗಾಗಿಯೇ ಬರೆಯುತ್ತಾರೆ. ಬೇರೆ ಓದುಗರು ಬೇಕು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಬಂತು. ನಮ್ಮ ಊರುಗಳ ಪುಟಗಳಲ್ಲಿ ಇನ್ನೂ ತುಂಬುವುದಕ್ಕೆ ಬಹಳವಿದೆ. ಆದರೆ ಅಲ್ಲಿ ಪ್ರಕಟವಾದ ಆಧಾರ ಕೇಳುತ್ತಾರೆ, ಅಜ್ಜನ ಬಾಯಿಮಾತು ನೇರವಾಗಿ ಸಲ್ಲುವುದಿಲ್ಲ. ಹಾಗಾಗಿ ಮದಕ, ಕಟ್ಟ, ಸುರಂಗದ ಬಾಯಿಯ ಫೋಟೊಗಳನ್ನು ಮುಕ್ತವಾಗಿ ಹಂಚುವುದು, ಗ್ರಂಥಾಲಯದಿಂದ ಆಧಾರ ಹುಡುಕಿ ಒಂದೆರಡು ಪ್ಯಾರಾ ಸೇರಿಸುವುದು, ಇದು ದೊಡ್ಡ ಮಕ್ಕಳಿಗೆ ಒಳ್ಳೆಯ ಕೆಲಸ. ನಮ್ಮ ಹೈಸ್ಕೂಲುಗಳಲ್ಲಿ 2018ರಿಂದ ಇರುವ ಲಿಟಲ್ ಕೈಟ್ಸ್ ಎಂಬ ಐ.ಟಿ. ಕ್ಲಬ್ಬಿನ ಮಕ್ಕಳು ಇಂತಹದ್ದರಲ್ಲಿ ಚುರುಕು. ಮಕ್ಕಳ ಹೆಸರು, ಮುಖ, ಮನೆಯ ವಿಳಾಸ ಮಾತ್ರ ಎಲ್ಲಿಯೂ ಹೋಗಬಾರದು.

ಈ ವರ್ಷ ನಾವು ಓದುಗರನ್ನು ಗಡಿಯ ಆಚೆ ಹುಡುಕಿದ್ದೇವೆ. ವಿಟ್ಲದ ಸಮೀಪದ ಒಂದು ಕನ್ನಡ ಶಾಲೆಯ ತರಗತಿಯೊಂದು ನಮ್ಮ ತರಗತಿಯ ಜೊತೆಗಾರ. ಗುಡ್ಡ ಒಂದೇ, ಮಳೆ ಒಂದೇ, ಭಾಷೆಯೂ ಒಂದೇ. ಪಠ್ಯಪುಸ್ತಕ ಬೇರೆ, ಸರಕಾರ ಬೇರೆ, ಪರೀಕ್ಷೆ ಬೇರೆ. ಗಡಿಯಲ್ಲಿರುವ ತಲಪಾಡಿಯ ರಸ್ತೆ ಕೊರೊನಾದಿಂದಾಗಿ 2020ರಲ್ಲಿ ಮುಚ್ಚಿದಾಗ ಗಡಿ ಎಂದರೇನು ಎಂದು ಈ ಎರಡೂ ಕಡೆಯ ಮನೆಗಳಿಗೆ ಚೆನ್ನಾಗಿ ಅರಿವಾಗಿತ್ತು. ಮೊಬೈಲಿಗೆ ಚೆಕ್‌ಪೋಸ್ಟ್ ಇಲ್ಲ. ನಮ್ಮ ಮಕ್ಕಳು ನೀರಿನ ಪುಟಗಳನ್ನು ಅಲ್ಲಿಗೆ ಕಳುಹಿಸಿದರು. ಓದಿದವರು ಒಂದು ಮೆಚ್ಚುಗೆ, ಒಂದು ಪ್ರಶ್ನೆ ಬರೆದು ಕಳುಹಿಸಬೇಕೆಂಬುದು ನಾವಿಬ್ಬರು ಅಧ್ಯಾಪಕಿಯರು ಮಾಡಿಕೊಂಡ ನಿಯಮ. ಅವರು ತಮ್ಮ ಕಡೆಯಿಂದ ಅಡ್ಯನಡ್ಕ ಬಳಿಯ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಬಗ್ಗೆ ಬರೆದು ಕಳುಹಿಸಿದ್ದಾರೆ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ನಮ್ಮ ಕಾಲ ಬೆರಳು ನೋಡುವ ಹುಡುಗ ಅದನ್ನು ಅಜ್ಜನಿಗೆ ಓದಿ ಹೇಳಿದನಂತೆ.

ಅಲ್ಲಿಂದ ಬಂದ ಮೊದಲ ಪ್ರಶ್ನೆ: ‘ನಿಮ್ಮ ಊರಿನಲ್ಲಿ ಕೊಳವೆಬಾವಿ ಬಂದ ಮೇಲೆ ಎಷ್ಟು ಸುರಂಗಗಳು ಬತ್ತಿವೆ?’ ಸುರಂಗದವರಿಗೆ ಬತ್ತಿದವು ಯಾವುವೆಂದು ಗೊತ್ತು, ಯಾವ ವರ್ಷವೆಂದು ಗೊತ್ತಿಲ್ಲ. ಕೊಳವೆಬಾವಿಯವರಿಗೆ ಕೊರೆಸಿದ ವರ್ಷ ಗೊತ್ತು, ಮೇಲಿನ ಸುರಂಗ ಯಾರದೆಂದು ಗೊತ್ತಿಲ್ಲ. ಇಬ್ಬರ ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಲು ಈಗ ಒಂದು ಹಂಚಿದ ಗೂಗಲ್ ಶೀಟ್ ತೆರೆದಿದ್ದಾರೆ. ಮೊದಲ ಕಾಲಂ ಮನೆ, ಎರಡನೆಯದು ಸುರಂಗ ಬತ್ತಿದ ವರ್ಷ, ಮೂರನೆಯದು ಹತ್ತಿರದ ಕೊಳವೆಬಾವಿಯ ವರ್ಷ. ಓಣಂ ಪರೀಕ್ಷೆಗೆ ಮೊದಲು ಅದನ್ನು ತುಂಬಿಸಿ ವಿಟ್ಲಕ್ಕೆ ಕಳುಹಿಸಬೇಕೆಂದು ಗಡುವು ಹಾಕಿಕೊಂಡವರು ಅವರೇ. ಮನೆಗಳ ಹೆಸರಿನ ಬದಲು ಬರೀ ಸಂಖ್ಯೆ ಹಾಕಬೇಕೆಂದು ಮಾತ್ರ ನಾನು ಹೇಳಿದ್ದೇನೆ.